‘ರೆಂಟ್’ ಎಂದರೆ ಗೇಣಿಯೇ, ಕಂದಾಯವೇ? ಆರ್ಥಿಕ ಚಿಂತನೆಯ ಇತಿಹಾಸ ಓದುವವರ ಪದಕೋಶ

ಬೆಳವಲ

ಎಲ್ಲರಿಗೂ ನಮಸ್ಕಾರ. ಬಿ.ಎ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಆರ್ಥಿಕ ಚಿಂತನೆಯ ಇತಿಹಾಸ ಒಂದು ಪತ್ರಿಕೆ. ಪಾಠ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಓದಬೇಕಾದ ಮೂಲವೆಲ್ಲ ಇಂಗ್ಲಿಷ್. ಹಾಗಾಗಿ ಇನ್ನೂರು ಪುಟದ ನೋಟುಬುಕ್ಕಿಗೆ ನಡುವೆ ಗೆರೆ ಹೊಡೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ ಎಂದು ಬರೆಯುತ್ತ ಬಂದೆ. ನೂರ ನಲವತ್ತರ ಹತ್ತಿರ ಆದವು. ಈಗ ಆ ಪಟ್ಟಿಯೇ ನನ್ನ ದಾರಿ ತಪ್ಪಿಸುತ್ತಿದೆ.

ಆ್ಯಡಂ ಸ್ಮಿತ್‌ನ 1776ರ ಪುಸ್ತಕದಲ್ಲಿ ಒಂದು ಮಾತಿದೆ: ಬಹಳ ಮಂದಿ ‘ಮ್ಯಾನುಫ್ಯಾಕ್ಚರರ್’ಗಳನ್ನು ಕೆಲಸಕ್ಕೆ ಇಟ್ಟುಕೊಂಡವನು ಶ್ರೀಮಂತನಾಗುತ್ತಾನೆ, ಬಹಳ ಮಂದಿ ಮನೆಯಾಳುಗಳನ್ನು ಸಾಕಿದವನು ಬಡವನಾಗುತ್ತಾನೆ. ನನ್ನ ಪಟ್ಟಿಯ ಪ್ರಕಾರ ಆ ಪದಕ್ಕೆ ‘ಕಾರ್ಖಾನೆಯ ಮಾಲೀಕ’ ಎಂದು ಅರ್ಥ. ಕಾರ್ಖಾನೆಯ ಮಾಲೀಕರನ್ನೇ ಸಂಬಳಕ್ಕೆ ಇಟ್ಟುಕೊಳ್ಳುವ ಆ ಮಹಾರಾಯ ಯಾರು? ಎರಡು ದಿನ ತಲೆ ಕೆಡಿಸಿಕೊಂಡೆ. ಅಂಗಡಿಯಲ್ಲಿ ಸಿಗುವ ಒಂದು ಗೈಡಿನಲ್ಲಿ ‘ಕಾರ್ನ್ ಲಾ’ ಎಂಬುದನ್ನು ‘ಮೆಕ್ಕೆಜೋಳದ ಕಾನೂನು’ ಎಂದು ಬರೆದಿದ್ದಾರೆ. ನಮ್ಮ ಹಾವೇರಿ ಸೀಮೆಯಲ್ಲಿ ಮೆಕ್ಕೆಜೋಳಕ್ಕೇನೂ ಬರವಿಲ್ಲ, ಆದರೆ ಇಂಗ್ಲೆಂಡಿನ ಸಂಸತ್ತು ಅದಕ್ಕಾಗಿ ಅಷ್ಟು ಜಗಳವಾಡಿತೆಂದು ನಂಬುವುದು ಹೇಗೆ?

ಈ ವಿಷಯಕ್ಕೇ ಸಿದ್ಧಪಡಿಸಿದ ಕನ್ನಡ ಪದಪಟ್ಟಿ ಯಾರ ಬಳಿಯಾದರೂ ಇದೆಯೇ?

ಪರೀಕ್ಷೆ ನಾಳೆ

ಪಟ್ಟಿ ಇದ್ದರೆ ಪಿಡಿಎಫ್ ಹಾಕಿ. ನನಗೂ ಬೇಕು.

ಹಳೆಯ ಮೇಷ್ಟರು

ಪಟ್ಟಿ ಇಲ್ಲ. ಇದ್ದಿದ್ದರೂ ಕೊಡುತ್ತಿರಲಿಲ್ಲ, ಎರಡು ಕಾಲಂ ಪಟ್ಟಿ ಈ ಪತ್ರಿಕೆಗೆ ಒದಗುವುದಿಲ್ಲ. ಮೂರನೆಯ ಕಾಲಂ ಹಾಕಿ: ಈ ಮಾತು ಯಾರ ಬಾಯಿಂದ, ಯಾವ ಇಸವಿಯಲ್ಲಿ ಬಂತು? ಅದು ಗೊತ್ತಾಗದೆ ಬಲಗಡೆ ಏನನ್ನೂ ಬರೆಯಬೇಡಿ.

ಸ್ಮಿತ್‌ನ ಕಾಲಕ್ಕೆ ‘ಮ್ಯಾನುಫ್ಯಾಕ್ಚರರ್’ ಎಂದರೆ ಕೈಯಿಂದ ವಸ್ತು ಮಾಡುವವನು, ಅಂದರೆ ಕೆಲಸಗಾರ. ಲ್ಯಾಟಿನ್ನಿನ ‘ಮನುಸ್’ ಎಂದರೆ ಕೈ. ಯಂತ್ರಗಳು ಬಂದು, ಕೈ ಹಿಂದೆ ಸರಿದು, ಪದ ಮಾತ್ರ ಮಾಲೀಕನ ಪಾಲಾಯಿತು. ‘ಕೈಕಸುಬುದಾರರನ್ನು ಇಟ್ಟುಕೊಂಡವನು’ ಎಂದು ಓದಿಕೊಳ್ಳಿ, ಗಂಟು ಬಿಚ್ಚಿಕೊಳ್ಳುತ್ತದೆ. ಅವನ ‘ಸ್ಟಾಕ್’ ಕೂಡ ಹಾಗೆಯೇ: ಷೇರುಪೇಟೆಯದಲ್ಲ, ಬಂಡವಾಳ ಮತ್ತು ದಾಸ್ತಾನು ಎರಡನ್ನೂ ಸೇರಿಸಿ ಹೇಳುವ ಮಾತು. ಇನ್ನು ‘ಕಾರ್ನ್’ ಎಂದರೆ ಧಾನ್ಯ. ಇಂಗ್ಲೆಂಡಿನಲ್ಲಿ ಮುಖ್ಯವಾಗಿ ಗೋಧಿ. 1815ರಲ್ಲಿ ಬಿಗಿಯಾಗಿ, 1846ರಲ್ಲಿ ರದ್ದಾದದ್ದು, ಹೊರಗಿನ ಧಾನ್ಯದ ಆಮದಿಗೆ ತಡೆ ಹಾಕುತ್ತಿದ್ದ ಧಾನ್ಯ ಕಾನೂನು. ಆ ಗೈಡನ್ನು ತೂಕಕ್ಕೆ ಹಾಕಿ.

ಶುರುವಿನಿಂದಲೇ ಹೇಳುತ್ತೇನೆ. ಈ ಶಾಸ್ತ್ರದ ಹೆಸರೇ ಗ್ರೀಕಿನ ‘ಒಯಿಕೊನೊಮಿಯಾ’ದಿಂದ ಬಂದದ್ದು: ಒಯಿಕೋಸ್ ಎಂದರೆ ಮನೆ, ನೋಮೋಸ್ ಎಂದರೆ ಕಟ್ಟಳೆ. ಇದಕ್ಕೆ ತರಗತಿಯಲ್ಲಿ ‘ಗೃಹಾಡಳಿತ’, ‘ಕುಟುಂಬ ನಿರ್ವಹಣೆ’ ಎಂದೆಲ್ಲ ಬರೆಸುತ್ತಾರೆ. ನಮ್ಮ ಅಜ್ಜಿಯರ ಬಾಯಲ್ಲಿ ಇದಕ್ಕೆ ಸರಿಯಾದ ಪದ ಇತ್ತು: ಮನೆವಾರ್ತೆ. ಕಣಜದಲ್ಲಿ ಎಷ್ಟಿದೆ, ಹಾಲು ಯಾರಿಗೆ ವರ್ತನೆ, ಆಳುಗಳಿಗೆ ಎಷ್ಟು ಅಳೆಯಬೇಕು, ಇದೆಲ್ಲ ಮನೆವಾರ್ತೆ. ಆ ‘ವಾರ್ತೆ’ ಆಕಾಶವಾಣಿಯ ವಾರ್ತೆಯಲ್ಲ. ಕೌಟಿಲ್ಯ ನಾಲ್ಕು ವಿದ್ಯೆಗಳನ್ನು ಹೇಳುವಾಗ ಕೃಷಿ, ಪಶುಪಾಲನೆ, ವಾಣಿಜ್ಯ ಮೂರನ್ನೂ ಸೇರಿಸಿ ‘ವಾರ್ತಾ’ ಎನ್ನುತ್ತಾನೆ. ಆ ಹಳೆಯ ಅರ್ಥ ಕನ್ನಡದಲ್ಲಿ ಅಡುಗೆಮನೆ ಸೇರಿ ಬದುಕಿಕೊಂಡಿದೆ.

ಹಾಗೆ ನೋಡಿದರೆ ‘ಅರ್ಥಶಾಸ್ತ್ರ’ ಎಂಬ ಹೆಸರಿನಲ್ಲೇ ಒಂದು ಕಾಲದೋಷ ಕುಳಿತಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕಿ, 1909ರಲ್ಲಿ ಅಚ್ಚಾದ ಆ ಗ್ರಂಥಕ್ಕೆ ಅರ್ಥ ಎಂದರೆ ಜನರಿರುವ ಭೂಮಿ; ಅದನ್ನು ಗಳಿಸಿ ಕಾಯುವ ಉಪಾಯವೇ ಶಾಸ್ತ್ರ. ಬೆಲೆ, ಬೇಡಿಕೆಗಳ ನಮ್ಮ ಅರ್ಥಶಾಸ್ತ್ರ ಬೇರೆ ಮಗು. ಹೆಸರು ಮಾತ್ರ ಒಂದೇ.

ಗದ್ದೆಬದಿ

ಮೇಷ್ಟರ ಮೂರನೆಯ ಕಾಲಂ ಮಾತು ಸರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ, ಕಾರ್ಕಳದ ಕಡೆಯವನು. ಆದರೆ ಶೀರ್ಷಿಕೆಯಲ್ಲಿ ‘ಗೇಣಿ’ ಎಂದು ಕಂಡಮೇಲೆ ಸುಮ್ಮನೆ ಹೋಗಲಾಗಲಿಲ್ಲ.

ತಂಗಿಯ ಮಗಳಿಗೆ ಪಿಯುಸಿಯಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರಿಕಾರ್ಡೋನ ಗೇಣಿ ಸಿದ್ಧಾಂತ ಅರ್ಥವಾಗಲಿಲ್ಲವೆಂದು ಪುಸ್ತಕ ತಂದಳು. ಓದಿ ನೋಡಿದರೆ ನಮ್ಮ ಗದ್ದೆಯ ವಿಷಯವೇ! ನಮ್ಮಲ್ಲಿ ಗದ್ದೆಗಳು ಮೂರು ಬಗೆ. ತಗ್ಗಿನ ಬೈಲು, ನೀರು ಆರುವುದಿಲ್ಲ, ಏಣೆಲು, ಸುಗ್ಗಿ, ಕೊಳಕೆ ಮೂರು ಬೆಳೆ. ಅದರ ಮೇಲೆ ಮಜಲು, ಎರಡು ಬೆಳೆ. ಎತ್ತರದ ಬೆಟ್ಟು, ಮಳೆ ನಂಬಿ ಒಂದೇ ಬೆಳೆ. ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ಒಂದೇ ಅಳತೆಯ ಗದ್ದೆ, ಒಂದೇ ಖರ್ಚು, ಒಂದೇ ದುಡಿಮೆ. ಬೈಲಿನಲ್ಲಿ 20 ಮುಡಿ (ನಮ್ಮ ಕಡೆಯ ಅಳತೆ) ಅಕ್ಕಿ, ಮಜಲಿನಲ್ಲಿ 14, ಬೆಟ್ಟಿನಲ್ಲಿ 9. ಬೀಜ, ಗೊಬ್ಬರ, ಕೂಲಿ, ಒಕ್ಕಲಿನ ಹೊಟ್ಟೆಪಾಡು ಎಲ್ಲ ಸೇರಿ 9 ಮುಡಿ. ಊರಿನ ಹೊಟ್ಟೆ ತುಂಬಲು ಬೆಟ್ಟನ್ನೂ ಉಳಬೇಕಾಗಿ ಬಂದಿದೆ ಎಂದರೆ, ಅಕ್ಕಿಯ ಬೆಲೆ ಬೆಟ್ಟಿನ ಖರ್ಚಿಗೆ ಸಾಲುವಷ್ಟು ಇದ್ದೇ ಇರಬೇಕು. ಆಗ ಬೆಟ್ಟಿಗೆ ಗೇಣಿ ಸೊನ್ನೆ, ಮಜಲಿಗೆ 5, ಬೈಲಿಗೆ 11. ಗೇಣಿ ಕೊಡುವುದರಿಂದ ಅಕ್ಕಿ ತುಟ್ಟಿಯಾಗುವುದಲ್ಲ, ಅಕ್ಕಿ ತುಟ್ಟಿಯಾದ್ದರಿಂದ ಗೇಣಿ ಹುಟ್ಟುತ್ತದೆ. ಹುಡುಗಿಗೆ ಹತ್ತು ನಿಮಿಷದಲ್ಲಿ ಅರ್ಥವಾಯಿತು.

ಆದರೆ ಆಮೇಲೆ ಅವಳೇ ಕೇಳಿದಳು: ‘ಮಾವ, ಅಜ್ಜ ಬೆಟ್ಟುಗದ್ದೆಗೆ ಗೇಣಿ ಕೊಡುತ್ತಿರಲಿಲ್ಲವೇ?’ ಕೊಡುತ್ತಿದ್ದರು! ನಮ್ಮದು ಚಾಲಗೇಣಿ, ಧಣಿ ಬಿಡು ಎಂದರೆ ಬಿಡಬೇಕು. ಬೆಟ್ಟಿಗೂ ಗೇಣಿ ಅಳೆದು, ಹಟ್ಟಿಯ ಗೊಬ್ಬರ ಸಾಲದೆ ಸಾಲ ಮಾಡಿ, 1974ರಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನಿನ ಅರ್ಜಿ, ಫಾರಂ ನಂಬರ್ 7 ತುಂಬಿದ ಮೇಲೆಯೇ ಅದು ನಿಂತದ್ದು. ಹಾಗಾದರೆ ಆ ಬೆಟ್ಟಿನ ಗೇಣಿಗೆ ರಿಕಾರ್ಡೋನ ಪುಸ್ತಕದಲ್ಲಿ ಯಾವ ಹೆಸರು? ನನಗೆ ಉತ್ತರ ಹೊಳೆಯಲಿಲ್ಲ.

ಕಡತದ ಧೂಳು

ಗದ್ದೆಬದಿಯವರ ಸೊಸೆ ಕೇಳಿದ್ದನ್ನೇ 1831ರಲ್ಲಿ ರಿಚರ್ಡ್ ಜೋನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಕೇಳಿದ. ರಿಕಾರ್ಡೋ ಹೇಳುವ ರೆಂಟ್, ಬಂಡವಾಳ ಹಾಕಿ ಲಾಭಕ್ಕೆ ಬೇಸಾಯ ಮಾಡುವ ಇಂಗ್ಲಿಷ್ ಫಾರ್ಮರ್‌ನದು. ಆ ಫಾರ್ಮರ್‌ಗೆ ಲಾಭ ಗಿಟ್ಟದಿದ್ದರೆ ಜಮೀನು ಬಿಟ್ಟು ಬೇರೆ ವ್ಯಾಪಾರಕ್ಕೆ ಹೋಗುತ್ತಾನೆ. ಪ್ರಪಂಚದ ಹೆಚ್ಚಿನ ಭಾಗದಲ್ಲಿ ಉಳುವವನಿಗೆ ಹೋಗಲು ಬೇರೆ ಜಾಗವೇ ಇಲ್ಲ. ಅಲ್ಲಿ ಸಿದ್ಧಾಂತದ ಗೇಣಿ ಬೇರೆ, ರೂಢಿ ಮತ್ತು ಬಲ ಸೇರಿ ಕಟ್ಟಿದ ಗೇಣಿ ಬೇರೆ ಎಂದ. ಅವನು ಮಾಡಿದ ವರ್ಗಗಳಲ್ಲಿ ಒಂದರ ಹೆಸರು ನೋಡಿ: ‘ರಯತ್ ರೆಂಟ್’. ನಮ್ಮ ‘ರೈತ’ ಎಂಬ ಪದ (ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ನಮಗೆ ಬಂದದ್ದು) ಯುರೋಪಿನ ಆರ್ಥಿಕ ಚಿಂತನೆಯ ಇತಿಹಾಸದೊಳಗೆ ಹೀಗೆ ಪಾರಿಭಾಷಿಕವಾಗಿ ಹೊಕ್ಕಿದೆ. ಬೆಳವಲ ಅವರೇ, ಎಡಗಡೆಯ ಕಾಲಂನಲ್ಲಿ ಕನ್ನಡದ ಪದ ಬರೆಯುವ ಅವಕಾಶ ಇದೊಂದೇ ಸಲ ಸಿಗುವುದು, ಬಿಡಬೇಡಿ.

ಆದರೆ ‘ರೆಂಟ್ ಎಂದರೆ ಗೇಣಿ’ ಎಂದು ಮುಗಿಸುವ ಹಾಗಿಲ್ಲ. ಕಂಪನಿ ಸರ್ಕಾರದ ಕಾಗದಪತ್ರಗಳಲ್ಲಿ ಅದೇ ಪದ ಅನೇಕ ಕಡೆ ಕಂದಾಯದ ಅರ್ಥದಲ್ಲಿದೆ. ಅದಕ್ಕೆ ಕಾರಣ ಬರಿಯ ಅಸಡ್ಡೆಯಲ್ಲ. ಜೇಮ್ಸ್ ಮಿಲ್ 1819ರಲ್ಲಿ ಲಂಡನ್ನಿನಲ್ಲಿದ್ದ ಕಂಪನಿಯ ಕಚೇರಿ ಇಂಡಿಯಾ ಹೌಸಿನಲ್ಲಿ ಕೆಲಸಕ್ಕೆ ಸೇರಿದ. ರಿಕಾರ್ಡೋನ ಸ್ನೇಹಿತ. ಅವನ ತರ್ಕ ಸರಳವಾಗಿತ್ತು: ಗೇಣಿ ಯಾರ ದುಡಿಮೆಯ ಫಲವೂ ಅಲ್ಲ, ಮಣ್ಣಿನ ತಾರತಮ್ಯದಿಂದ ತಾನಾಗಿ ಹುಟ್ಟಿದ್ದು, ಭಾರತದಲ್ಲಿ ಭೂಮಿಯ ಒಡೆಯ ಸರ್ಕಾರವೇ, ಆದ್ದರಿಂದ ಅಷ್ಟನ್ನೂ ಸರ್ಕಾರ ಕಂದಾಯವಾಗಿ ಎತ್ತಿಕೊಂಡರೆ ಬೇಸಾಯಕ್ಕೆ ಏನೂ ಕುಂದಿಲ್ಲ. ಗಮನಿಸಿ, ಗೇಣಿ ಮತ್ತು ಕಂದಾಯ ಎಂಬ ಎರಡು ಪದ ಇರುವ ಭಾಷೆಯಲ್ಲಿ ಈ ವಾಕ್ಯ ಹೇಳುವಾಗ ನಾಲಗೆ ತಡವರಿಸುತ್ತದೆ. ಒಂದೇ ಪದ ಇದ್ದ ಕಡೆ ಜಾರಿಕೊಂಡು ಹೋಯಿತು.

ಇದು ಕಾಗದದಲ್ಲಿ ಉಳಿಯಲಿಲ್ಲ. ಮುಂಬಯಿ ಪ್ರಾಂತದ ದಖನ್ನಿನಲ್ಲಿ ಪ್ರಿಂಗಲ್ ಎಂಬ ಅಧಿಕಾರಿ, ಅರ್ಥಶಾಸ್ತ್ರಜ್ಞ ಮಾಲ್ಥಸ್ ಪಾಠ ಹೇಳುತ್ತಿದ್ದ ಕಂಪನಿಯ ಕಾಲೇಜಿನಿಂದ ಬಂದವನು, ಹೊಲಹೊಲದ ಹುಟ್ಟುವಳಿ ಬರೆದು, ಖರ್ಚು ಕಳೆದು, ಉಳಿದ ನಿವ್ವಳದಲ್ಲಿ ಶೇಕಡ 55 ಸರ್ಕಾರಕ್ಕೆ ಎಂದು ಕಟ್ಟಿದ. ಅಳತೆ ತಪ್ಪು, ಹುಟ್ಟುವಳಿಯ ಲೆಕ್ಕ ಊಹೆ, ಕೆಳಗಿನ ನೌಕರರ ಲಂಚ. ರೈತರು ಹೊಲ ಬಿಟ್ಟು ಹೋದರು. 1835ರ ನಂತರ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರದಿಂದ ಹೊಸದಾಗಿ ಆರಂಭಿಸಿ, ನಿವ್ವಳದ ಲೆಕ್ಕವನ್ನು ಪಕ್ಕಕ್ಕಿಟ್ಟು, ಮಣ್ಣನ್ನು ಆಣೆಗಳಲ್ಲಿ ವರ್ಗ ಮಾಡಿ, ಹಿಂದೆ ಎಷ್ಟು ಕಟ್ಟುತ್ತಿದ್ದರು ಎಂದು ನೋಡಿ ದರ ಹಾಕಿದರು. ಆ ಸರ್ವೆಯೇ ಮುಂದೆ ನಮ್ಮ ಧಾರವಾಡದ ಕಡೆಗೂ ಬಂದದ್ದು.

ಬೆಳವಲ

ಧೂಳಿನವರಿಗೆ ಒಂದು ಸಣ್ಣ ತಿದ್ದುಪಡಿ: ತಂಗಿಯ ಮಗಳು ‘ಮಾವ’ ಎಂದಿದ್ದಾಳೆ, ನಿಜ, ಆದರೆ ನಮ್ಮ ಕಡೆ ಅವಳನ್ನು ಸೊಸೆ ಎಂದರೆ ಮದುವೆಯ ಮಾತು ಶುರುವಾಗಿಬಿಡುತ್ತದೆ!

ನಮ್ಮಲ್ಲಿ ‘ಗೇಣಿ’ಗಿಂತ ‘ಲಾವಣಿ’ ಮತ್ತು ‘ಕೋರು’ ಹೆಚ್ಚು. ಲಾವಣಿಗೆ ಹಾಕಿದರೆ ಇಂತಿಷ್ಟು ಎಂದು ಗೊತ್ತುಮಾಡಿದ ಹಣ; ಕೋರಿಗೆ ಮಾಡಿದರೆ ಬೆಳೆದದ್ದರಲ್ಲಿ ಪಾಲು. ಪಾಲಿನ ಬೇಸಾಯಕ್ಕೆ ಫ್ರೆಂಚರ ‘ಮೆತಯಾಜ್’ ಎಂದು ಪುಸ್ತಕದಲ್ಲಿ ಬರುತ್ತದೆ. ಅದಕ್ಕೆ ‘ಕೋರು’ ಎಂದು ಬರೆದುಕೊಂಡೆ. ಸರಿಯೇ?

ಮುಂದಿನ ಗಂಟು ‘ಯುಟಿಲಿಟಿ’. ಪಿಯುಸಿಯಿಂದ ‘ತುಷ್ಟಿಗುಣ’ ಎಂದು ಉರು ಹೊಡೆದಿದ್ದೇನೆ. ಈಗ ಇಂಗ್ಲಿಷ್ ದಾರ್ಶನಿಕ ಬೆಂಥಮ್ ಬಂದ, ಅವನದು ‘ಉಪಯುಕ್ತತಾವಾದ’. ಎರಡೂ ಇಂಗ್ಲಿಷಿನಲ್ಲಿ ಒಂದೇ ಪದವೆಂದು ನಿನ್ನೆಯವರೆಗೆ ನನಗೆ ಹೊಳೆದಿರಲೇ ಇಲ್ಲ.

ಹಳೆಯ ಮೇಷ್ಟರು

ಕೋರು ಸರಿ. ಮೈಸೂರು ಕಡೆಯವರಿಗಾಗಿ ಪಕ್ಕದಲ್ಲಿ ‘ವಾರ’ ಎಂದೂ ಬರೆಯಿರಿ.

ತುಷ್ಟಿಗುಣದ ವಿಷಯದಲ್ಲಿ ನಮ್ಮ ಹಳಬರನ್ನು ಮೆಚ್ಚಬೇಕು. ಸಾರಾಯಿಗೆ ಅರ್ಥಶಾಸ್ತ್ರದಲ್ಲಿ ‘ಯುಟಿಲಿಟಿ’ ಇದೆ, ಉಪಯೋಗ ಇಲ್ಲ. ಇಂಗ್ಲಿಷಿನಲ್ಲಿ ಪ್ರತಿ ವರ್ಷ ಮೇಷ್ಟರು ನಿಂತು ಈ ಎರಡರ ವ್ಯತ್ಯಾಸ ಹೇಳಬೇಕು. ಕನ್ನಡದ ಹುಡುಗನಿಗೆ ಪದವೇ ಹೇಳಿಬಿಡುತ್ತದೆ: ತುಷ್ಟಿ ಕೊಡುವ ಗುಣ. ಇದೇ ಕಷ್ಟಕ್ಕೆ ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ 1896ರಲ್ಲಿ ಗ್ರೀಕಿನಿಂದ ‘ಒಫೆಲಿಮಿಟಿ’ ಎಂದು ಹೊಸ ಪದ ಮಾಡಿದ. ತಮಾಷೆಯೆಂದರೆ ಆ ಗ್ರೀಕ್ ಪದಕ್ಕೂ ‘ಉಪಯುಕ್ತ’ ಎಂದೇ ಅರ್ಥ. ಯಾರೂ ಬಳಸಲಿಲ್ಲ, ಸತ್ತುಹೋಯಿತು.

ಅನುವಾದದ ಮೇಜು

ಮೇಷ್ಟರೇ, ಪೂರ್ತಿ ಒಪ್ಪಲಾರೆ. ಪಠ್ಯಕ್ಕೆ ತುಷ್ಟಿಗುಣ ಒಳ್ಳೆಯದು, ಇತಿಹಾಸಕ್ಕೆ ಕೆಟ್ಟದ್ದು. ಬೆಂಥಮ್ 1789ರಲ್ಲಿ ಸುಖದುಃಖಗಳ ತಕ್ಕಡಿ ಹಿಡಿದ. ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜೆವನ್ಸ್ 1871ರಲ್ಲಿ ಅದೇ ತಕ್ಕಡಿಯನ್ನು ಎತ್ತಿಕೊಂಡು ಬಂದು ಗಣಿತ ಹಚ್ಚಿದ. ಒಬ್ಬನ ಪದ ಇನ್ನೊಬ್ಬನಿಗೆ ಆಸ್ತಿಯಾಗಿ ಬಂದದ್ದೇ ಅಲ್ಲಿನ ಕಥೆ. ಕನ್ನಡದಲ್ಲಿ ಒಬ್ಬನಿಗೆ ಉಪಯುಕ್ತತೆ, ಇನ್ನೊಬ್ಬನಿಗೆ ತುಷ್ಟಿಗುಣ ಕೊಟ್ಟು ನಾವು ತಂದೆ ಮಗನ ನಡುವೆ ಗೋಡೆ ಕಟ್ಟಿದ್ದೇವೆ. ಬೆಳವಲ ಅವರಿಗೆ ನಿನ್ನೆಯವರೆಗೆ ಹೊಳೆಯದೆ ಇದ್ದದ್ದಕ್ಕೆ ಕಾರಣ ಅವರಲ್ಲ, ಆ ಗೋಡೆ.

ಇನ್ನೂ ಒಂದು. ಬೆಂಥಮ್‌ನ ವ್ಯಾಖ್ಯೆಯನ್ನು ಹತ್ತಿರದಿಂದ ಓದಿ: ಯುಟಿಲಿಟಿ ಎಂದರೆ ಯಾವುದೇ ವಸ್ತುವಿನಲ್ಲಿರುವ, ಸುಖವನ್ನೋ ಪ್ರಯೋಜನವನ್ನೋ ಉಂಟುಮಾಡುವ ‘ಗುಣ’. ಅಂದರೆ ತುಷ್ಟಿಗುಣ ಎಂಬ ಪದ ಬೆಂಥಮ್‌ಗೇ ಹೇಳಿ ಮಾಡಿಸಿದ ಹಾಗಿದೆ! ಜೆವನ್ಸ್ ಮಾತ್ರ ತಕರಾರು ತೆಗೆಯುತ್ತಾನೆ: ಅದು ವಸ್ತುವಿನೊಳಗೆ ಅಂತರ್ಗತವಾದ ಗುಣವಲ್ಲ, ಮನುಷ್ಯನ ಅಗತ್ಯದೊಡನೆ ವಸ್ತುವಿಗಿರುವ ಸಂಬಂಧದಿಂದ ಹುಟ್ಟುವ ಸ್ಥಿತಿ. ನೀರನ್ನೇ ನೋಡಿ. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಮೊದಲ ಕೊಡ ಕುಡಿಯಲು, ಎರಡನೆಯದು ಅಡುಗೆಗೆ, ಆರನೆಯದು ಬಟ್ಟೆಗೆ, ಹತ್ತನೆಯದನ್ನು ಗಿಡಕ್ಕೆ ಸುರಿಯುತ್ತೇವೆ. ನೀರಿನ ಗುಣ ಬದಲಾಯಿತೇ? ಇಲ್ಲ. ನಮ್ಮ ದಾಹ ಬದಲಾಯಿತು. ಹಾಗಾಗಿ ನಾವು ‘ಗುಣ’ವನ್ನು ತಪ್ಪು ಮನುಷ್ಯನ ಕೊರಳಿಗೆ ಕಟ್ಟಿದ್ದೇವೆ.

ಹೊರನಾಡು

ಜರ್ಮನಿಯಲ್ಲಿ ಇರುವುದರಿಂದ ಒಂದು ಸಾಲು ಸೇರಿಸುತ್ತೇನೆ. ಕೊನೆಯ ಒಂದು ಕೊಡದಿಂದ ಸಿಗುವ ತುಷ್ಟಿಗೆ ಈಗ ಹೇಳುವ ‘ಮಾರ್ಜಿನಲ್’ ಎಂಬ ಪದ ಜೆವನ್ಸ್‌ನ ಪುಸ್ತಕದಲ್ಲಿ ಇಲ್ಲ. ಅವನದು ‘ಕೊನೆಯ ಮಟ್ಟದ ಯುಟಿಲಿಟಿ’. ಆಸ್ಟ್ರಿಯದ ವೀಸರ್ 1884ರಲ್ಲಿ ಜರ್ಮನ್ನಿನಲ್ಲಿ ‘ಗ್ರೆಂಟ್ಸ್‌ನುಟ್ಸನ್’ ಎಂದ. ಇಂಗ್ಲೆಂಡಿನ ವಿಕ್‌ಸ್ಟೀಡ್ 1888ರಲ್ಲಿ ಅದನ್ನು ಇಂಗ್ಲಿಷಿಗೆ ತರುವಾಗ ‘ಮಾರ್ಜಿನಲ್’ ಬಳಸಿದ. ‘ಗ್ರೆಂಟ್ಸೆ’ ಎಂದರೆ ಇಲ್ಲಿ ದೇಶದ ಗಡಿ. ರೈಲಿನಲ್ಲಿ ಗಡಿ ದಾಟುವಾಗ ಕೇಳುವ ಪದ. ನಮ್ಮ ‘ಸೀಮಾಂತ’ ಅದಕ್ಕೆ ಇಂಗ್ಲಿಷಿಗಿಂತಲೂ ಹತ್ತಿರ. ಸೀಮೆಯ ಅಂತ್ಯ, ಊರ ಗಡಿಕಲ್ಲು. ಬೆಟ್ಟುಗದ್ದೆಯ ಅಂಚೂ ಅದೇ ಅಲ್ಲವೇ? ರಿಕಾರ್ಡೋನ ಕೊನೆಯ ಗದ್ದೆಯ ಯೋಚನೆಯನ್ನೇ ಇವರು ಕೊನೆಯ ಕೊಡಕ್ಕೆ ಹಚ್ಚಿದರು ಎಂದು ನನಗೆ ಅನ್ನಿಸುತ್ತದೆ.

ಪರೀಕ್ಷೆ ನಾಳೆ

ಇದೆಲ್ಲ ಐದು ಅಂಕದ ಪ್ರಶ್ನೆಗೆ ಬೇಕೇ? ಪಠ್ಯದಲ್ಲಿ ಇರುವ ಪದ ಬರೆದರೆ ಅಂಕ ಸಿಗುತ್ತದೆ. ‘ತುಷ್ಟಿಗುಣ ತಪ್ಪು’ ಎಂದು ಬರೆದರೆ ಮೌಲ್ಯಮಾಪಕರು ಸೊನ್ನೆ ಹಾಕುತ್ತಾರೆ. ಎಲ್ಲದಕ್ಕೂ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಜಗಳವೇ ಇಲ್ಲ.

ಅನುವಾದದ ಮೇಜು

ಅಂಕದ ಮಾತು ನ್ಯಾಯ. ಉತ್ತರ ಪತ್ರಿಕೆಯಲ್ಲಿ ತುಷ್ಟಿಗುಣ ಎಂದೇ ಬರೆಯಿರಿ, ನಾನೂ ಬರೆಯುತ್ತಿದ್ದೆ. ಲಿಪಿ ಬದಲಿಸಿದರೆ ಜಗಳ ಇಲ್ಲ ಎಂಬುದನ್ನು ಒಪ್ಪುವುದಿಲ್ಲ. ‘ರೆಂಟ್’ ಎಂದೇ ಬರೆದಿದ್ದರೆ ಗದ್ದೆಬದಿಯವರ ಮನೆಯ ಹುಡುಗಿ ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ‘ಗೇಣಿ’ ಎಂದದ್ದರಿಂದ ಅಜ್ಜ ನೆನಪಾದರು.

ಹಾಗೆಂದು ಅಚ್ಚಗನ್ನಡ ಎಲ್ಲ ಕಡೆ ಕೈ ಹಿಡಿಯುವುದೂ ಇಲ್ಲ. ತನ್ನ ಲಾಭ ನೋಡಿಕೊಳ್ಳುವವನಿಂದಲೇ ಸಮಾಜಕ್ಕೂ ಒಳಿತಾಗುತ್ತದೆ ಎನ್ನುವ ಸ್ಮಿತ್‌ನ ಪ್ರಸಿದ್ಧ ಉಪಮೆ ‘ಇನ್‌ವಿಸಿಬಲ್ ಹ್ಯಾಂಡ್’ ಅನ್ನು ಹಿಂದೊಮ್ಮೆ ‘ಕಾಣದ ಕೈ’ ಎಂದು ಅನುವಾದಿಸಿದೆ. ಕರಡು ತಿದ್ದುವವರು ಫೋನ್ ಮಾಡಿ ‘ಯಾರ ಪಿತೂರಿ, ಮೇಡಂ?’ ಎಂದರು. ತಪ್ಪು ಅವರದಲ್ಲ. ನಮ್ಮ ಪತ್ರಿಕೆಗಳಲ್ಲಿ ಕಾಣದ ಕೈಗಳು ಸರ್ಕಾರ ಬೀಳಿಸುತ್ತವೆ, ವರ್ಗಾವಣೆ ಮಾಡಿಸುತ್ತವೆ. ಒಳ್ಳೆಯದು ಮಾಡಿದ್ದನ್ನು ಯಾರೂ ಕಂಡಿಲ್ಲ. ‘ಅದೃಶ್ಯ ಹಸ್ತ’ ಎಂದು ಬದಲಿಸಿದೆ. ಸಂಸ್ಕೃತ ಇಲ್ಲಿ ಸ್ವಲ್ಪ ದೂರ ನಿಲ್ಲಿಸಿತು, ಅದೇ ಬೇಕಾಗಿತ್ತು. ಅಂದಹಾಗೆ ಆ ಮಾತು 1776ರ ಪುಸ್ತಕದಲ್ಲಿ ಬರುವುದು ಒಂದೇ ಸಲ, ಅದೂ ವ್ಯಾಪಾರಿ ತನ್ನ ಬಂಡವಾಳವನ್ನು ಸ್ವದೇಶದಲ್ಲೇ ತೊಡಗಿಸಲು ಇಷ್ಟಪಡುವ ಸಂದರ್ಭದಲ್ಲಿ. ಖಗೋಳದ ಬಗ್ಗೆ ಬರೆದ ಪ್ರಬಂಧದಲ್ಲಿ ಆ ಕೈ ರೋಮನ್ನರ ದೇವತೆ ಜೂಪಿಟರ್‌ನದು. ‘ಲೆಸೆ ಫೇರ್’ ಎಂಬುದನ್ನಂತೂ ಅವನು ಅಲ್ಲಿ ಬಳಸಿಯೇ ಇಲ್ಲ. ಅದು ಫ್ರಾನ್ಸಿನವರ ಕೂಗು, ಪ್ರಾಂತ ಪ್ರಾಂತಗಳ ನಡುವಿನ ಸುಂಕದಕಟ್ಟೆಗಳಲ್ಲಿ ಧಾನ್ಯದ ಗಾಡಿ ತಡೆಯುತ್ತಿದ್ದ ಕಾಲದ್ದು. ‘ಮಾಡಲು ಬಿಡಿ, ಹೋಗಲು ಬಿಡಿ’ ಎಂದರೆ ಗಾಡಿಯ ಗಾಲಿಯ ಸದ್ದು ಕೇಳಿಸುತ್ತದೆ. ‘ನಿರ್ಹಸ್ತಕ್ಷೇಪ ನೀತಿ’ ಎಂದರೆ ಗಂಟಲಲ್ಲಿ ಕಡುಬು.

ಗದ್ದೆಬದಿ

ಹಾಗಾದರೆ ಈಗ ಟಿವಿಯಲ್ಲಿ ‘ರೆಂಟ್ ಸೀಕಿಂಗ್’ ಎನ್ನುತ್ತಾರಲ್ಲ, ಅದಕ್ಕೆ ‘ಗೇಣಿ ಹುಡುಕುವುದು’ ಎನ್ನಬೇಕೇ? ಗೇಣಿ ಹುಡುಕುತ್ತಿದ್ದವರು ನಾವು, ಒಕ್ಕಲುಗಳು!

ಕಡತದ ಧೂಳು

ಅಲ್ಲಿ ಗೇಣಿ ಬೇಡ. ಅಮೆರಿಕದ ಅರ್ಥಶಾಸ್ತ್ರಜ್ಞೆ ಆ್ಯನ್ ಕ್ರೂಗರ್ ಆ ಹೆಸರು ಕೊಟ್ಟು ಲೇಖನ ಬರೆದದ್ದು 1974ರಲ್ಲಿ, ನಿಮ್ಮ ಮನೆಯ ಅಜ್ಜ ಫಾರಂ ನಂಬರ್ 7 ತುಂಬಿದ ಕಾಲದಲ್ಲೇ. ಆಮದು ಪರವಾನಗಿ ಹಿಡಿದವನಿಗೆ, ಪರವಾನಗಿ ಇದೆ ಎಂಬ ಒಂದೇ ಕಾರಣಕ್ಕೆ ಸಿಗುವ ಆದಾಯ. ಅದನ್ನು ಗಿಟ್ಟಿಸಲು ಜನ ಪಡುವ ವ್ಯರ್ಥ ಪಾಡು. ಅವಳ ಉದಾಹರಣೆ ಭಾರತವೇ: 1964ರಲ್ಲಿ ಇಂಥ ಆದಾಯ ರಾಷ್ಟ್ರೀಯ ಆದಾಯದ ಶೇಕಡ 7.3 ಎಂದು ಅಂದಾಜು ಮಾಡಿದಳು. ‘ಬಿಟ್ಟಿ ಆದಾಯದ ಬೇಟೆ’ ಎಂದರೆ ನನಗೆ ಒಪ್ಪಿಗೆ. ರಿಕಾರ್ಡೋನೊಂದಿಗಿನ ನಂಟು ಕಡಿಯುತ್ತದೆ ಎಂದು ಮೇಜಿನವರು ಜಗಳಕ್ಕೆ ಬರಬಹುದು, ಬರಲಿ.

ಬೆಳವಲ

ನೋಟುಬುಕ್ಕಿನ ಹಳೆಯ ಗೆರೆ ಅಳಿಸಲಾಗಲಿಲ್ಲ, ಹೊಸ ಬುಕ್ಕು ತಂದೆ. ಪ್ರತಿ ಪದಕ್ಕೆ ಒಂದು ಪುಟ. ಮೊದಲ ಪುಟ ಹೀಗಿದೆ, ತಪ್ಪಿದ್ದರೆ ತಿದ್ದಿ:

ರೆಂಟ್. ರಿಕಾರ್ಡೋ, 1817: ಗೇಣಿ, ಆದರೆ ಮಣ್ಣಿನ ತಾರತಮ್ಯದಿಂದ ಹುಟ್ಟುವ ಭಾಗ ಮಾತ್ರ, ಬೆಟ್ಟುಗದ್ದೆಗೆ ಸೊನ್ನೆ. ಜೇಮ್ಸ್ ಮಿಲ್ ಮತ್ತು ಕಂಪನಿಯ ಕಾಗದ: ಕಂದಾಯ. ಜೋನ್ಸ್, 1831: ರೈತನ ಗೇಣಿ, ರೂಢಿ ಮತ್ತು ಬಲದಿಂದ ನಿಂತದ್ದು, ಬೆಟ್ಟುಗದ್ದೆಗೂ ಉಂಟು. ಕ್ರೂಗರ್, 1974: ಬಿಟ್ಟಿ ಆದಾಯ. ಮನೆಗೆ: ಬಾಡಿಗೆ. ಊರಿನಲ್ಲಿ: ಲಾವಣಿ, ಕೋರು, ವಾರ, ಚಾಲಗೇಣಿ.

ಎರಡನೆಯ ಪುಟಕ್ಕೆ ‘ಕ್ಲಾಸಿಕಲ್’ ಎಂದು ಬರೆದು ನಿಲ್ಲಿಸಿದ್ದೇನೆ. ಪಠ್ಯದಲ್ಲಿ ‘ಸಂಪ್ರದಾಯ ಪಂಥ’ ಎಂದಿದೆ. ಸ್ಮಿತ್ ಯಾವ ಸಂಪ್ರದಾಯವನ್ನು ಕಾಪಾಡಿದ ಎಂದು ನಮ್ಮ ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲ.

ಹಳೆಯ ಮೇಷ್ಟರು

ಆ ಪುಟಕ್ಕೆ ಎರಡು ಇಸವಿ ಬೇಕಾಗುತ್ತದೆ. ಆ ಪಂಥಕ್ಕೆ ಹೆಸರು ಇಟ್ಟವನು ಮಾರ್ಕ್ಸ್. ಅದಕ್ಕೆ ಸೇರಿದವರ ಅವನ ಪಟ್ಟಿ ರಿಕಾರ್ಡೋನೊಂದಿಗೆ ಮುಗಿಯುತ್ತದೆ. ಕೇನ್ಸ್ 1936ರಲ್ಲಿ ಅದನ್ನೇ ಎಳೆದು ನಂತರದ ಅರ್ಥಶಾಸ್ತ್ರಜ್ಞರಾದ ಮಾರ್ಷಲ್, ಪಿಗೂ ಅವರನ್ನೂ ಒಳಗೆ ಸೇರಿಸಿದ. ಯಾರ ಪಟ್ಟಿ ಎಂದು ನೋಡದೆ ‘ಸಂಪ್ರದಾಯ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಬುಧವಾರ ಬಿಡುವು ಮಾಡಿಕೊಂಡು ಬರೆಯುತ್ತೇನೆ.

ಮೊದಲ ಪುಟದಲ್ಲಿ ಮಿಲ್‌ನ ಮುಂದೆ 1819 ಬಿಟ್ಟುಹೋಗಿದೆ. ಹಾಕಿ.